ಹೊತ್ತವಳ ಗುರುತು

ಮಗಳಿಗೆ ಇಪ್ಪತ್ತೊಂದು ತುಂಬಿದ ದಿನ ಸಾವಂತ್ರಿ ಗೋಧಿ ಹುಗ್ಗಿ ಮಾಡಿದ್ದಳು. ಹುಗ್ಗಿಯ ಗೋಧಿ ದಂಡೆಯಿಂದ ಹಡಗಿನಲ್ಲಿ ಬರಬೇಕಾದ್ದರಿಂದ ಒಂದು ತಿಂಗಳ ಮೊದಲೇ ಹೇಳಿಟ್ಟಿದ್ದಳು. ಶರಧಿ ಎರಡು ಬಟ್ಟಲು ತಿಂದು, ಕೈ ತೊಳೆದುಕೊಂಡು, ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ತಾಯಿಯ ಮುಂದೆ ಬಿಡಿಸಿಟ್ಟಳು. ಅದು ಕಾಯಂ ವಾಸದ ಅರ್ಜಿ. ತನ್ನ ಪಾಲಿನ ಕಾಲಂಗಳನ್ನೆಲ್ಲ ತುಂಬಿ, ಸಹಿಯನ್ನೂ ಹಾಕಿಬಿಟ್ಟಿದ್ದಳು. ಇಂಥ ದಿನಕ್ಕಾಗಿ ಅವಳು ಹದಿನಾರರಿಂದಲೇ ಕಾಯುತ್ತಿದ್ದಳೆಂಬುದು ಸಾವಂತ್ರಿಗೆ ಗೊತ್ತಿತ್ತು. ಆದರೂ ಪೆನ್ನು ಹಿಡಿದ ತಾಯಿಯ ಕೈ ಕಾಗದದ ಮೇಲೆ ಇಳಿಯಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಎದ್ದು ಹೋದಳು.

ಅವರಿದ್ದ ಊರಿನ ಹೆಸರು ತೇಲೂರು. ಕಾರವಾರದ ದಂಡೆಯಿಂದ ಹಡಗಿನಲ್ಲಿ ಒಂದು ಹಗಲಿನ ದಾರಿ. ಜೇನುಗೂಡಿನ ಕೋಣೆಗಳ ಆಕಾರದ ನಲವತ್ತೆರಡು ದೊಡ್ಡ ತೆಪ್ಪಗಳನ್ನು ಕೀಲುಗಳಿಂದ ಒಂದಕ್ಕೊಂದು ಜೋಡಿಸಿ, ಕಡಲ ತಳಕ್ಕೆ ಲಂಗರು ಹಾಕಿ ನಿಲ್ಲಿಸಿದ ಊರು. ಸುತ್ತ ಹತ್ತಾರು ಮೈಲಿ ನೀರಿನಡಿ ಬಲೆಗಳ ಮೇಲೆ ಕಡಲಪಾಚಿ ಬೆಳೆಯುತ್ತಿತ್ತು. ಅರ್ಧ ದೇಶದ ದನಕರುಗಳಿಗೆ ಮೇವು ಅಲ್ಲಿಂದಲೇ ಹೋಗುತ್ತಿತ್ತು. ಊರಿಗೆ ಅದರದೇ ಸನ್ನದು, ಅದರದೇ ಕಾಯಿದೆ. ತೆಪ್ಪದ ಮೇಲೆ ಹುಟ್ಟಿದವರು ಪೌರರು, ದುಡಿಯಲು ಬಂದವರು ಕರಾರಿನವರು. ಇರುವ ಸಿಹಿನೀರು ಇಷ್ಟೇ ಜನಕ್ಕೆ ಎಂದು ಅಳತೆ ಇದ್ದುದರಿಂದ ಕರಾರಿನವರು ಐವತ್ತೇಳು ತುಂಬಿದ ಮೇಲೆ ದಂಡೆಗೆ ಮರಳಬೇಕಿತ್ತು. ಅವರಿಗೆ ಉಳಿದಿದ್ದ ಬಾಗಿಲು ಒಂದೇ. ಪೌರರಾದ ಮಗನೋ ಮಗಳೋ ಇಪ್ಪತ್ತೊಂದು ತುಂಬಿದ ಬಳಿಕ ಅರ್ಜಿ ಹಾಕಿದರೆ ತಂದೆತಾಯಿ ಕಾಯಂ ನಿವಾಸಿಗಳಾಗಬಹುದು. ಮೊದಮೊದಲು ದತ್ತಕದ ಕಾಗದವೂ ನಡೆಯುತ್ತಿತ್ತು. ಆಮೇಲೆ ಯಾರ್‍ಯಾರೋ ಯಾರ್‍ಯಾರಿಗೋ ಕಾಗದದ ಮೇಲೆ ಅಪ್ಪ ಅಮ್ಮ ಆಗತೊಡಗಿದಾಗ ಊರಿನ ಮಂಡಳಿ ಅದನ್ನು ಕೈಬಿಟ್ಟು, ರಕ್ತದ ಗುರುತು ಬೇಕೆಂದು ನಿಯಮ ಮಾಡಿತು. ಇಬ್ಬರೂ ಒಂದೊಂದು ಹನಿ ರಕ್ತ ಕೊಟ್ಟರೆ ಮುಗಿಯಿತು, ಹತ್ತು ನಿಮಿಷದಲ್ಲಿ ಉತ್ತರ ಬರುತ್ತಿತ್ತು.

ಸಾವಂತ್ರಿ ಹೆದರಿದ್ದು ಆ ಒಂದು ಹನಿಗೆ.

ಐವತ್ತೇಳು ಹತ್ತಿರವಾಗಿದ್ದರೂ ಊರು ಬಿಡುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಗುಳೇದಗುಡ್ಡದ ನೇಕಾರರ ಮನೆಯಲ್ಲಿ ಹುಟ್ಟಿ, ಮೂವತ್ತೈದು ವರ್ಷ ಸಮುದ್ರದ ಮುಖ ಕಾಣದೆ, ಐದು ತಿಂಗಳ ಬಸುರಿಯಾಗಿ ಗಂಡ ಮಾನಪ್ಪನ ಜೊತೆ ಇಲ್ಲಿಗೆ ಬಂದವಳು. ಮೊದಲ ವಾರ ತಿಂದದ್ದನ್ನೆಲ್ಲ ಕಡಲಿಗೇ ಕೊಟ್ಟಿದ್ದಳು. ಎರಡನೆಯ ವಾರ ಬಲೆ ದುರಸ್ತಿಯ ಶೆಡ್ಡಿಗೆ ಹೋಗಿ, ಅಲ್ಲಿನವರು ಹಾಕುತ್ತಿದ್ದ ಗಂಟುಗಳನ್ನು ನೋಡಿ ನಕ್ಕಿದ್ದಳು. ಖಣದ ಎಳೆ ಕಡಿದಾಗ ಮಗ್ಗದ ಮೇಲೆ ಹಾಕುವ ಗಂಟನ್ನೇ ಸ್ವಲ್ಪ ತಿರುವಿ ಬಲೆಗೆ ಹಾಕಿ ತೋರಿಸಿದಳು. ಆ ವರ್ಷದ ಬಿರುಗಾಳಿಗೆ ಉಳಿದ ಬಲೆಗಳೆಲ್ಲ ಹರಿದವು, ಅವಳದು ಹರಿಯಲಿಲ್ಲ. ಈಗ ತೇಲೂರಿನ ಕೆಲಸದ ಕೈಪಿಡಿಯಲ್ಲಿ ಅದಕ್ಕೆ ‘ಸಾವಂತ್ರಿ ಗಂಟು’ ಎಂದೇ ಹೆಸರು. ಅವಳ ಕೈಕೆಳಗೆ ಹನ್ನೆರಡು ಜನ ಹೆಂಗಸರು ದುಡಿಯುತ್ತಿದ್ದರು. ಮಗಳಿಗೆ ಐದು ತುಂಬಿದಾಗ ಮಾನಪ್ಪ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಆಗಲೂ ತವರಿನವರು ಕರೆದರೆಂದು ಅವಳು ಹೋಗಿರಲಿಲ್ಲ.

ಹುಗ್ಗಿ ಮಾಡಿದ ದಿನದಿಂದ ಆರು ವಾರದಲ್ಲಿ ಶರಧಿ ಮೂರು ಸಲ ರಕ್ತ ಕೊಡುವ ದಿನ ಗೊತ್ತುಮಾಡಿ ಬಂದಳು. ಮೂರು ಸಲವೂ ಸಾವಂತ್ರಿಗೆ ಏನಾದರೊಂದು ಅಡ್ಡಿ. ಸಹಿಯಿಲ್ಲದ ಅರ್ಜಿ ಕಪಾಟಿನ ಮೇಲೆ ಹಾಗೇ ಇತ್ತು. ಒಂದು ಮಧ್ಯಾಹ್ನ ಶರಧಿ ಪಾಳಿಗೆ ಹೊರಡುವ ಮುನ್ನ ಬಾಗಿಲಲ್ಲಿ ನಿಂತಳು. ಅವಳು ಜಗಳಗಂಟಿಯಲ್ಲ. ಧ್ವನಿ ಏರಿಸದೆಯೇ ಹೇಳಿದಳು:

“ಅವ್ವಾ, ನಿನಗ ಗುಳೇದಗುಡ್ಡಕ್ಕ ಹೋಗೂದಿದ್ರ ಹೋಗು, ನಾ ಬ್ಯಾಡನ್ನಂಗಿಲ್ಲ. ಆದ್ರ ನನ್ನ ಮುಂದ ಸುಳ್ಳು ಹೇಳಬ್ಯಾಡ. ನನ್ನ ಜೋಡಿ ಇರಾಕ ಬ್ಯಾಸರ ಆಗಿದ್ರ ಅದನ್ನರ ಹೇಳು.”

ಈ ಮಾತನ್ನು ಸಾವಂತ್ರಿಗೆ ತಡೆದುಕೊಳ್ಳಲಾಗಲಿಲ್ಲ. ಇಪ್ಪತ್ತೊಂದು ವರ್ಷ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದು ತಾನಾಗಿ ಹೊರಬಿತ್ತು.

“ನನ್ನ ರಕ್ತ ನಿನ್ನ ರಕ್ತಕ್ಕ ಕೂಡಂಗಿಲ್ಲವ್ವ” ಎಂದಳು.

ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಮದುವೆಯಾದ ಹನ್ನೆರಡು ವರ್ಷದಲ್ಲಿ ನಾಲ್ಕು ಸಲ ಬಸಿರು ನಿಂತು ನಾಲ್ಕೂ ಸಲ ಇಳಿದುಹೋಗಿತ್ತು. ಕೊನೆಗೆ ಊರ ಕಡೆಯ ಆಸ್ಪತ್ರೆಯೊಂದರಲ್ಲಿ ವೈದ್ಯೆ, ನಿಮ್ಮ ಅಂಡಾಣುಗಳಲ್ಲಿ ಇನ್ನು ಶಕ್ತಿಯಿಲ್ಲ, ಬೇರೊಬ್ಬ ಹೆಣ್ಣುಮಗಳು ದಾನ ಕೊಟ್ಟ ಅಂಡಾಣುವಿದೆ, ಬೇಕಾದರೆ ಅದರಿಂದ ಪ್ರಯತ್ನಿಸೋಣ ಎಂದಿದ್ದಳು. ಮಾನಪ್ಪನ ಬೀಜ, ಹೆಸರೂ ಗೊತ್ತಿಲ್ಲದ ಆ ಹೆಣ್ಣಿನ ಅಂಡಾಣು. ಹೊಟ್ಟೆ ಮಾತ್ರ ಸಾವಂತ್ರಿಯದು. ಹೀಗೆ ಹುಟ್ಟಿದವಳು ಶರಧಿ. ಅವಳ ನಗೆ, ಅಗಲ ಹಣೆ, ಸಿಟ್ಟು ಬಂದಾಗ ಮೂಗು ಉಜ್ಜಿಕೊಳ್ಳುವ ಚಾಳಿ ಎಲ್ಲ ಅಪ್ಪನದು. ತನ್ನದೇನೂ ಅವಳಲ್ಲಿಲ್ಲ ಎಂಬುದನ್ನು ಮಗಳು ಒಂದು ಯಂತ್ರದ ಬಾಯಿಂದ ಕೇಳಬೇಕಾಗುತ್ತದಲ್ಲ ಎಂಬುದೇ ಅವಳ ಸಂಕಟವಾಗಿತ್ತು.

ಶರಧಿ ಕೊನೆಯವರೆಗೂ ಕೇಳಿದಳು. ಪಾಳಿಗೆ ಹೊತ್ತಾಯಿತು ಎಂದಷ್ಟೇ ಹೇಳಿ ಹೊರಟುಹೋದಳು. ಪಾಳಿ ಮುಗಿದ ಮೇಲೂ ಮನೆಗೆ ಬರಲಿಲ್ಲ. ಗೆಳತಿಯ ಕೋಣೆಯಲ್ಲಿ ಮಲಗುತ್ತೇನೆಂದು ಸಂದೇಶ ಮಾತ್ರ ಬಂತು.

ಮರುದಿನ ಬೆಳಿಗ್ಗೆ ಸಾವಂತ್ರಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ನಿಯಂತ್ರಣ ಕೊಠಡಿಗೆ ನಡೆದಳು. ತೆಪ್ಪಗಳ ನಡುವಿನ ಕೀಲುಗಳನ್ನು ಅಲೆಗೆ ತಕ್ಕಂತೆ ಬಿಗಿಮಾಡುವುದು, ಸಡಿಲಿಸುವುದು ಶರಧಿಯ ಕೆಲಸ. ಗಾಜಿನ ಗೋಡೆಯ ಹೊರಗೆ ನಿಂತು ಸಾವಂತ್ರಿ ನೋಡಿದಳು. ಪಡುವಣದಿಂದ ದೊಡ್ಡ ಅಲೆಯುಬ್ಬರವೊಂದು ಬರುತ್ತಿತ್ತು. ಮಗಳು ಒಂದೊಂದೇ ಕೀಲಿನ ಸಂಖ್ಯೆ ಕೂಗುತ್ತಿದ್ದಳು, ಒಳಗಿನ ಆರು ಜನ ಅವಳು ಹೇಳಿದಂತೆ ಮಾಡುತ್ತಿದ್ದರು. ಊರು ಅಲೆಯ ಮೇಲೆ ನಿಧಾನವಾಗಿ ಏರಿ ಇಳಿಯಿತು. ಮೂವತ್ತು ಸಾವಿರ ಜನರಲ್ಲಿ ಬಹುಪಾಲು ಮಂದಿಗೆ ಚಹಾ ತುಳುಕಿದ್ದೂ ಗೊತ್ತಾಗಿರಲಿಕ್ಕಿಲ್ಲ. ಸಾವಂತ್ರಿಗೆ ಇದ್ದ ಚಿಂತೆಯ ನಡುವೆಯೂ ಎದೆ ತುಂಬಿಬಂತು.

ಉಬ್ಬರ ದಾಟಿದ ಮೇಲೆ ಶರಧಿ ಹೊರಗೆ ಬಂದಳು. ಕಣ್ಣುಗಳು ಕೆಂಪಾಗಿದ್ದವು. ರೊಟ್ಟಿಯ ಗಂಟನ್ನು ಇಸಿದುಕೊಂಡಳು, ಬಿಚ್ಚಲಿಲ್ಲ.

“ನನ್ನ ಹೊತ್ತಾಕಿ ಯಾರು?” ಎಂದು ಕೇಳಿದಳು.

“ನಾನು.”

“ಒಂಬತ್ತು ತಿಂಗಳೂ?”

“ಒಂಬತ್ತರ ಮ್ಯಾಲ ಆರು ದಿನ. ಹೊರಗ ಬರಾಕ ನಿನಗ ಮನಸ್ಸಿರಲಿಲ್ಲ.”

ಶರಧಿಗೆ ನಗು ಬಂತು. ಮೂಗು ಉಜ್ಜಿಕೊಂಡು ಹೇಳಿದಳು: “ಎರಡು ತೆಪ್ಪ ಒಂಬತ್ತು ತಿಂಗಳು ಕೂಡಿ ನಿಂತ್ರ ಒಂದರ ತುಕ್ಕು ಇನ್ನೊಂದಕ್ಕ ಹತ್ತತೈತಿ. ದಿನಾ ಅದನ್ನ ನೋಡಾಕಿ ನಾನು. ನಿನ್ನೊಳಗ ನಂದೇನೂ ಉಳಿದಿಲ್ಲಂದ್ರ ನಾ ನಂಬಂಗಿಲ್ಲ. ನಡಿ, ಸಫೂರಾ ಡಾಕ್ಟರ್ ಕಡೆ ಹೋಗೂಣು.”

ಡಾಕ್ಟರ್ ಸಫೂರಾ ಹೊನ್ನಾವರ ಕಡೆಯವರು, ಕಡಲಪಾಚಿ ಪ್ರಯೋಗಾಲಯದ ಮುಖ್ಯಸ್ಥೆ. ನೀರಿನಿಂದ ಸೂಕ್ಷ್ಮಜೀವಿಗಳನ್ನು ಹಿಡಿಯುವ ಅವರ ಬಲೆಗಳನ್ನು ಸಾವಂತ್ರಿಯೇ ಹೊಲಿದುಕೊಡುತ್ತಿದ್ದಳು. ಅವರ ಪ್ರಯೋಗಾಲಯದಲ್ಲೊಂದು ಯಂತ್ರವಿತ್ತು. ಅದರ ಉದ್ದದ ಹೆಸರು ಯಾರಿಗೂ ಬೇಡವಾಗಿ ಎಲ್ಲರೂ ‘ಜರಡಿ’ ಎನ್ನುತ್ತಿದ್ದರು. ಬೇರೆ ಯಂತ್ರಗಳು ಒಂದು ಹನಿಯಲ್ಲಿರುವ ಲಕ್ಷಾಂತರ ಜೀವಕೋಶಗಳನ್ನು ಒಟ್ಟಿಗೆ ಅರೆದು ಡಿಎನ್‌ಎ ಓದಿದರೆ, ಜರಡಿ ಒಂದೊಂದೇ ಕೋಶವನ್ನು ಕೂದಲೆಳೆಗಿಂತ ಸಪೂರದ ಕೊಳವೆಯಲ್ಲಿ ಹಾಯಿಸಿ, ಪ್ರತಿಯೊಂದರದ್ದೂ ಬೇರೆಬೇರೆಯಾಗಿ ಓದುತ್ತಿತ್ತು. ಕೋಟಿ ಪಾಚಿ ಕೋಶಗಳ ನಡುವೆ ಒಂದೇ ಒಂದು ರೋಗಾಣು ಇದ್ದರೂ ಹಿಡಿದುಕೊಡಲೆಂದು ಅದನ್ನು ತರಿಸಿದ್ದರು.

ಶರಧಿ ತುಕ್ಕಿನ ಮಾತನ್ನು ಮತ್ತೊಮ್ಮೆ ಹೇಳಿದಾಗ ಸಫೂರಾ ನಗಲಿಲ್ಲ. ಹುಡುಗಿ ಹೇಳುತ್ತಿರುವುದು ಸರಿ ಎಂದರು. ಬಸಿರಿನಲ್ಲಿ ತಾಯಿ ಮಗುವಿನ ನಡುವೆ ಮಾಸು ಇರುತ್ತದೆ. ಅದು ಗೋಡೆಯೂ ಹೌದು, ಬಾಗಿಲೂ ಹೌದು. ಅದರ ಮೂಲಕ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತಕ್ಕೆ ನುಸುಳುತ್ತವೆ, ತಾಯಿಯವು ಮಗುವಿಗೆ ಹೋಗುತ್ತವೆ. ಹೆರಿಗೆಯಾದ ಮೇಲೂ ಕೆಲವು ಅಲ್ಲೇ ನೆಲೆಯೂರಿ, ಹತ್ತಾರು ವರ್ಷ ಬದುಕಿರುತ್ತವೆ. ಅಂಡಾಣು ಯಾರದೇ ಇರಲಿ, ಹೊತ್ತವಳಿಗೆ ಇದು ತಪ್ಪಿದ್ದಲ್ಲ. ಈ ಸಂಗತಿ ಹೊಸದೇನಲ್ಲ, ಆದರೆ ಹತ್ತಾರು ಲಕ್ಷದಲ್ಲೊಂದು ಕೋಶವನ್ನು ಹುಡುಕಿ ಸಾಕ್ಷಿಯಾಗಿ ನಿಲ್ಲಿಸುವಂಥ ಯಂತ್ರ ಹಿಂದೆ ಇರಲಿಲ್ಲ.

“ಆದರೆ ಅಕ್ಕಾ, ಖಂಡಿತ ಸಿಗ್ತದೆ ಅಂತ ನಾನು ಹೇಳೂದಿಲ್ಲ” ಎಂದರು ಸಫೂರಾ. “ಕೆಲವರ ಮೈಯಲ್ಲಿ ಎಷ್ಟು ಹುಡುಕಿದ್ರೂ ಸಿಗೂದಿಲ್ಲ. ಸಿಗದೇ ಇದ್ರೆ ನೀವು ತಾಯಿ ಅಲ್ಲ ಅಂತ ಅರ್ಥ ಅಲ್ಲ. ಅಷ್ಟು ನೆನಪಿಟ್ಕೊಂಡು ರಕ್ತ ಕೊಡಿ.”

ಹನಿ ಸಾಲದು, ಇಬ್ಬರದೂ ಒಂದೊಂದು ಶೀಸೆಯೇ ಬೇಕು. ಸಾವಂತ್ರಿ ತೋಳು ಚಾಚಿದಳು. ಆರು ವಾರ ಹೆದರಿಸಿದ ಸೂಜಿ ಚುಚ್ಚಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಎರಡನೆಯ ದಿನ ಸಫೂರಾ ಇಬ್ಬರನ್ನೂ ಕರೆಸಿದರು. ಅವರ ಮುಖ ನೋಡಿ ಸಾವಂತ್ರಿಗೆ ಏನೂ ತಿಳಿಯಲಿಲ್ಲ. ಅವಳ ರಕ್ತದಲ್ಲಿ ಅವಳದಲ್ಲದ ಒಂಬತ್ತು ಕೋಶಗಳು ಸಿಕ್ಕಿದ್ದವು. ಆದರೆ ಅವುಗಳಲ್ಲಿ ಒಂದೂ ಶರಧಿಗೆ ತಾಳೆಯಾಗುತ್ತಿರಲಿಲ್ಲ. ಶರಧಿಯ ಮುಖ ಬಾಡಿತು. ಸಫೂರಾ ಪರದೆಯ ಮೇಲಿನ ಗೆರೆಗಳನ್ನು ತೋರಿಸುತ್ತಾ ನಿಧಾನವಾಗಿ ವಿವರಿಸಿದರು. ಆ ಕೋಶಗಳ ಅರ್ಧಭಾಗ ಸಾವಂತ್ರಿಯದೇ. ಇನ್ನರ್ಧವನ್ನು ಹೋಲಿಸಿದರೆ, ಶರಧಿಗೆ ತಂದೆಯಿಂದ ಬಂದ ಗುರುತುಗಳೇ ಮತ್ತೆಮತ್ತೆ ಕಾಣುತ್ತವೆ. ಒಂಬತ್ತರಲ್ಲಿ ಆರು ಒಂದು ಬಗೆಯವು, ಮೂರು ಇನ್ನೊಂದು ಬಗೆಯವು.

“ಅಕ್ಕಾ, ನೀವು ಇವಳಿಗಿಂತ ಮೊದಲು ಬಸುರಾಗಿದ್ರಾ?”

ಸಾವಂತ್ರಿ ನಾಲ್ಕು ಬೆರಳು ತೋರಿಸಿದಳು.

“ಅವರಲ್ಲಿ ಇಬ್ಬರು ನಿಮ್ಮನ್ನ ಬಿಟ್ಟು ಹೋಗ್ಲಿಲ್ಲ. ಒಂದು ಗಂಡು, ಒಂದು ಹೆಣ್ಣು.”

ಸಾವಂತ್ರಿ ಪರದೆಯ ಬಳಿ ಹೋಗಿ ನಿಂತಳು. ಬೂದುಬಣ್ಣದ ಒಂಬತ್ತು ದುಂಡು ಚುಕ್ಕೆಗಳು. ಆ ನಾಲ್ಕು ಸಲವೂ ಆಸ್ಪತ್ರೆಯವರು ಏನೂ ಉಳಿದಿಲ್ಲ ಎಂದು ಹೇಳಿ ಕಳಿಸಿದ್ದರು. ಅತ್ತೆ ತಲೆಗೆ ಎಣ್ಣೆ ಹಚ್ಚಿ ಎರೆದು, ಮರೆತುಬಿಡು ಎಂದಿದ್ದಳು. ಅವಳು ಮರೆತೂ ಇದ್ದಳು, ಅಥವಾ ಮರೆತಿದ್ದೇನೆಂದು ಅಂದುಕೊಂಡಿದ್ದಳು. ಬಲೆ ಹೊಲಿಯುವಾಗ, ಹುಗ್ಗಿ ಕುದಿಸುವಾಗ, ಮಾನಪ್ಪನನ್ನು ಕಳಿಸಿಕೊಟ್ಟ ದಿನ, ಈ ಇಬ್ಬರೂ ಅವಳೊಳಗೇ ಇದ್ದರು. ಅವಳು ಅತ್ತಳು. ಆದರೆ ಆ ಅಳು ದುಃಖದ್ದಾಗಿರಲಿಲ್ಲ, ಅಳುತ್ತಲೇ ಅವಳಿಗೆ ಅದು ಗೊತ್ತಾಗುತ್ತಿತ್ತು. ಶರಧಿ ಹಿಂದಿನಿಂದ ಬಂದು ತಾಯಿಯ ಸೊಂಟ ಬಳಸಿ, ಹೆಗಲ ಮೇಲೆ ಗದ್ದವಿಟ್ಟು, ತಾನೂ ಆ ಚುಕ್ಕೆಗಳನ್ನು ನೋಡಿದಳು. ಅವಳ ಅಣ್ಣ, ಅವಳ ಅಕ್ಕ.

“ಇನ್ನೊಂದು ಶೀಸೆ ತಗೋರಿ ಡಾಕ್ಟ್ರ” ಎಂದಳು ಸಾವಂತ್ರಿ, ಸೆರಗಿನಿಂದ ಮುಖ ಒರೆಸಿಕೊಂಡು. “ಇವ್ರಿಬ್ಬರೂ ಇದ್ದಾರಂದ್ರ ಈಕೀನೂ ಎಲ್ಲೋ ಅದಾಳ. ಮೊದಲಿಂದ ಈಕಿ ಎಲ್ಲಾದಕ್ಕೂ ತಡಾ.”

ಐದನೆಯ ದಿನ ಸಿಕ್ಕಳು. ಒಂದೂವರೆ ಕೋಟಿ ಕೋಶಗಳನ್ನು ಜರಡಿ ಹಿಡಿದ ಮೇಲೆ ಹನ್ನೊಂದು ಕೋಶಗಳು ಶರಧಿಗೆ ಅಚ್ಚೊತ್ತಿದಂತೆ ತಾಳೆಯಾದವು. ಶರಧಿಯ ರಕ್ತದಲ್ಲಿ ಸಾವಂತ್ರಿಯ ಹದಿನಾಲ್ಕು ಕೋಶಗಳು ಸಿಕ್ಕವು. ಸುದ್ದಿ ತಿಳಿದಾಗ ಸಾವಂತ್ರಿ ಬಲೆ ಶೆಡ್ಡಿನಲ್ಲಿದ್ದಳು. ಶರಧಿ ಮೂರು ತೆಪ್ಪ ಓಡಿಕೊಂಡು ಬಂದು, ಏದುಸಿರು ಬಿಡುತ್ತಾ, “ಹದಿನಾಲ್ಕು” ಎಂದಳು. “ನನ್ನೊಳಗ ನೀನು ಹದಿನಾಲ್ಕು.” ಹನ್ನೆರಡು ಹೆಂಗಸರಿಗೂ ತಲೆಬುಡ ತಿಳಿಯಲಿಲ್ಲ. ಆದರೂ ಎಲ್ಲರೂ ಕೈಯಲ್ಲಿದ್ದುದನ್ನು ಕೆಳಗಿಟ್ಟರು.

ಸಾವಂತ್ರಿ ಅಂದೇ ಅರ್ಜಿಗೆ ಸಹಿ ಹಾಕಿದಳು. ಆದರೆ ಕೋಶ ಸಿಕ್ಕಿತೆಂದ ಮಾತ್ರಕ್ಕೆ ಕಾಯಿದೆ ಒಪ್ಪಬೇಕಲ್ಲ. ನಿವಾಸಾಧಿಕಾರಿ ಉತ್ತಪ್ಪ ಕೊಡಗಿನವರು, ಮಿತಭಾಷಿ, ಅಕ್ಷರ ಬಿಟ್ಟು ಆಚೀಚೆ ಹೋಗದ ಮನುಷ್ಯ. ಸಫೂರಾರ ವರದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಮಗಳ ರಕ್ತವನ್ನು ತಾಯಿಗೆ ಏರಿಸಿಯೂ ಇಂಥ ಫಲಿತಾಂಶ ತರಬಹುದಲ್ಲ ಎಂದು ಕೇಳಿದರು. ಹಾಗೆ ಕೇಳಬೇಕಾದದ್ದು ಅವರ ಕೆಲಸ. ಸಾವಂತ್ರಿಗೆ ಅದರಿಂದ ಬೇಸರವಾಗಲಿಲ್ಲ.

ಸಫೂರಾ ಅದಕ್ಕೂ ತಯಾರಾಗಿ ಬಂದಿದ್ದರು. ಡಿಎನ್‌ಎಯ ಮೇಲೆ ವಯಸ್ಸಿಗೆ ತಕ್ಕಂತೆ ರಾಸಾಯನಿಕ ಗುರುತುಗಳು ಬೀಳುತ್ತವೆ. ದೊಡ್ಡವಳಾದ ಶರಧಿಯ ರಕ್ತವನ್ನು ಏರಿಸಿದ್ದರೆ ಆ ಕೋಶಗಳಲ್ಲಿ ಇಪ್ಪತ್ತೊಂದರ ಹರೆಯದ ಗುರುತು ಇರಬೇಕಿತ್ತು. ಆ ಹನ್ನೊಂದು ಕೋಶಗಳಲ್ಲಿ ಇದ್ದದ್ದು, ಹುಟ್ಟುವ ಮೊದಲೇ ಶರಧಿಯ ಮೈಯನ್ನು ಬಿಟ್ಟು, ಆಮೇಲಿನ ವರ್ಷಗಳನ್ನೆಲ್ಲ ಸಾವಂತ್ರಿಯ ಮೈಯಲ್ಲಿ ಕಳೆದದ್ದರ ಗುರುತು. ಅದನ್ನು ಸೂಜಿಯಿಂದ ತರಲಾಗದು, ಹೊತ್ತೇ ತರಬೇಕು.

ಉತ್ತಪ್ಪ ನಿಯಮದ ಪುಸ್ತಕ ತೆರೆದು ಆ ಕಲಮನ್ನು ಗಟ್ಟಿಯಾಗಿ ಓದಿದರು: “ಅರ್ಜಿದಾರರ ಮತ್ತು ಪೌರರ ಶರೀರಗಳಲ್ಲಿ ಪರಸ್ಪರರ ವಂಶವಾಹಿ ಗುರುತು ಕಂಡುಬರತಕ್ಕದ್ದು.” ಓದಿ ತಲೆಯೆತ್ತಿದರು. “ಅರ್ಧ ಇರಬೇಕು ಅಂತ ಎಲ್ಲೂ ಬರೆದಿಲ್ಲ. ಬರೆದವರ ಮನಸ್ಸಲ್ಲಿ ಅದೇ ಇತ್ತು, ನನಗೆ ಗೊತ್ತು. ಆದರೆ ಬರೆದಿಲ್ಲ” ಎಂದರು. ತಾವೊಬ್ಬರೇ ತೀರ್ಮಾನಿಸುವ ವಿಷಯ ಇದಲ್ಲವೆಂದು, ಒಪ್ಪಬಹುದೆಂಬ ಷರಾ ಬರೆದು ಮಂಡಳಿಗೆ ಕಳಿಸಿದರು.

ಮಂಡಳಿಯ ಐವರು ಮೂರು ವಾರ ತೆಗೆದುಕೊಂಡರು. ಆ ಮೂರು ವಾರ ಸಾವಂತ್ರಿ ಲೆಕ್ಕಕ್ಕಿಂತ ಹೆಚ್ಚು ಬಲೆ ಹೊಲಿದಳು. ತಾಯಿ ಮಗಳ ನಡುವೆ ಮುಚ್ಚಿಡುವುದೇನೂ ಉಳಿದಿರಲಿಲ್ಲವಾದ್ದರಿಂದ ಮಾತಿಗೆ ಬರವಿರಲಿಲ್ಲ. ಶರಧಿ ಆ ದಾನಿ ಹೆಣ್ಣಿನ ಬಗ್ಗೆ ಕೇಳಿದಳು. ಸಾವಂತ್ರಿ ತನಗೆ ಗೊತ್ತಿದ್ದ ಒಂದೇ ಸಂಗತಿ ಹೇಳಿದಳು, ಅವಳು ಬೆಳಗಾವಿ ಕಡೆಯವಳಂತೆ. ಅವಳಿಗೂ ಒಳ್ಳೆಯದಾಗಲಿ ಎಂದಳು ಶರಧಿ. ಪ್ರತಿ ದೀಪಾವಳಿಗೂ ಆ ಹೆಣ್ಣಿಗೆಂದು ಒಂದು ದೀಪ ಹಚ್ಚುತ್ತಿದ್ದುದನ್ನು ಸಾವಂತ್ರಿ ಆಗ ಬಾಯಿಬಿಟ್ಟು ಹೇಳಿದಳು. ಅದು ಅಪ್ಪನಿಗೆಂದು ಶರಧಿ ಇಷ್ಟು ವರ್ಷ ತಿಳಿದಿದ್ದಳು.

ಮಂಡಳಿಯ ಆದೇಶ ಒಂದು ಬುಧವಾರ ಬಂತು. ಐವರಲ್ಲಿ ನಾಲ್ವರು ಒಪ್ಪಿದ್ದರು. ಕಲಮಿಗೆ ಹೊಸ ಸಾಲೊಂದನ್ನೂ ಸೇರಿಸಿದ್ದರು: ತಾಯಿಯೆಂದರೆ ಹೊತ್ತು ಹೆತ್ತವಳೂ ಸೇರುತ್ತಾಳೆ, ಕೋಶ ಸಿಗದಿದ್ದಲ್ಲಿ ಹೆರಿಗೆಯ ದಾಖಲೆಯೇ ಸಾಕು. ಆ ಎರಡನೆಯ ಭಾಗ ಸಫೂರಾ ಹಟ ಹಿಡಿದು ಸೇರಿಸಿದ್ದು. ಯಂತ್ರಕ್ಕೆ ಸಿಕ್ಕವಳು ಮಾತ್ರ ತಾಯಿ ಎಂದಾಗಬಾರದು ಎಂದು ಅವರು ಮಂಡಳಿಯ ಮುಂದೆ ಎರಡು ಗಂಟೆ ವಾದಿಸಿದ್ದರಂತೆ.

ಕಾಯಂ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸಲು ಇಬ್ಬರೂ ಕಚೇರಿಗೆ ಹೋದರು. ಸಾವಂತ್ರಿ ಖಣದ ಕುಪ್ಪಸ ತೊಟ್ಟಿದ್ದಳು. ಉತ್ತಪ್ಪ ಒಂದೊಂದೇ ಕಾಲಂ ಕೇಳುತ್ತಾ ತುಂಬುತ್ತಿದ್ದರು. ಹೆಸರು, ಹುಟ್ಟಿದ ಊರು, ಕಸುಬು. ಆಮೇಲೆ, ಮಕ್ಕಳು ಎಷ್ಟು ಎಂದು ಕೇಳಿದರು.

ಸಾವಂತ್ರಿ ಒಬ್ಬಾಕಿ ಎನ್ನಲು ಬಾಯಿ ತೆರೆದಿದ್ದಳು. ಪಕ್ಕದಿಂದ ಶರಧಿ ಹೇಳಿದಳು:

“ಮೂವರ್ರಿ.”

ಉತ್ತಪ್ಪ ತಲೆಯೆತ್ತಿ ತಾಯಿಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದರು. ವರದಿಯನ್ನು ಎರಡು ಸಲ ಓದಿದ್ದವರು ಅವರು. ಕಾಲಮಿನಲ್ಲಿ ನಿಯಮದಂತೆ ‘ಒಂದು’ ಎಂದೇ ಬರೆದರು. ನಂತರ ಪಕ್ಕದ ಷರಾ ಕಾಲಮಿಗೆ ಪೆನ್ನು ಸರಿಸಿ, ಸಣ್ಣ ಅಕ್ಷರದಲ್ಲಿ ‘ಇನ್ನಿಬ್ಬರು ತಾಯಿಯ ಜೊತೆಗೇ ಇದ್ದಾರೆ’ ಎಂದು ಬರೆದು, ಕೆಳಗೆ ಸಹಿ ಹಾಕಿ, ಮೊಹರು ಒತ್ತಿದರು. ಮುಂದಿನವರನ್ನು ಕರೆಯಿರಿ ಎಂದು ಜವಾನನಿಗೆ ಹೇಳಿದರು.

ಹೊರಗೆ ಬಿಸಿಲು ಚೆನ್ನಾಗಿತ್ತು. ತೆಪ್ಪದಿಂದ ತೆಪ್ಪಕ್ಕೆ ದಾಟುತ್ತಾ ತಾಯಿ ಮಗಳು ಬಲೆ ಶೆಡ್ಡಿನತ್ತ ನಡೆದರು. ಸ್ವಲ್ಪ ದೂರ ಹೋದ ಮೇಲೆ ಶರಧಿ, ಅವರಿಗೆ ಹೆಸರು ಬೇಡವೇ ಎಂದು ಕೇಳಿದಳು. ಗಂಡುಮಗನಿಗೆ ಅಜ್ಜನ ಹೆಸರು, ಕಲ್ಲಪ್ಪ, ಎಂದು ಸಾವಂತ್ರಿ ತಟ್ಟನೆ ಹೇಳಿದಳು. ಅದನ್ನು ಅವಳು ಮೊದಲ ಬಸಿರಿನಲ್ಲೇ ಯೋಚಿಸಿಟ್ಟಿದ್ದಳು.

“ತೇಲೂರಾಗ ಕಲ್ಲಪ್ಪ ಅಂತ ಹೆಸರಿಟ್ರ ಮುಳುಗಿ ಹೊಕ್ಕಾನವ್ವ” ಎಂದಳು ಶರಧಿ.

ಸಾವಂತ್ರಿ ನಡುಸೇತುವೆಯಲ್ಲಿ ನಿಂತು ನಕ್ಕಳು. ಎದುರಿಗೆ ಬಂದವರು ದಾರಿ ಬಿಟ್ಟು ಹೋಗಬೇಕಾಯಿತು. ಶೆಡ್ಡು ತಲುಪುವ ಹೊತ್ತಿಗೆ ಹುಡುಗನ ಹೆಸರು ಕಲ್ಲಪ್ಪ ಎಂದೇ ಗಟ್ಟಿಯಾಗಿತ್ತು. ಅಣ್ಣ ಮುಳುಗಿದರೆ ಎತ್ತುವ ಹೊಣೆ ತನ್ನದೆಂದು ಶರಧಿ ಒಪ್ಪಿಕೊಂಡಿದ್ದಳು. ಹುಡುಗಿಯ ಹೆಸರು ಮಾತ್ರ ತಾಯಿ ಮಗಳ ನಡುವೆ ಬಗೆಹರಿಯಲಿಲ್ಲ. ಒಳಗೆ ಹೋಗಿ ಕೇಳಿದಾಗ ಹನ್ನೆರಡು ಹೆಂಗಸರೂ ಒಬ್ಬೊಬ್ಬರು ಒಂದೊಂದು ಹೆಸರು ಹೇಳತೊಡಗಿದರು. ಆ ದಿನ ತೇಲೂರಿನಲ್ಲಿ ಒಂದು ಬಲೆಯೂ ದುರಸ್ತಿಯಾಗಲಿಲ್ಲ.